ಕುಬ್ಸದ ಬುತ್ತಿ ಹೊಳೆ ದಾಟಿದ್ದು

ಕಂಪ್ಲಿಯಲ್ಲಿ ಹೊಳೆ ಬರಲು ಮಳೆಯೇ ಬೇಕಿಲ್ಲ. ಮಳೆ ಎಲ್ಲೋ ಶಿವಮೊಗ್ಗದ ಆಚೆ ಸುರಿಯುತ್ತದೆ, ಟಿ.ಬಿ. ಡ್ಯಾಂ ತುಂಬುತ್ತದೆ, ಗೇಟು ಎತ್ತುತ್ತಾರೆ. ಇಲ್ಲಿ ಒಂದು ಹನಿಯೂ ಬೀಳದೆ ಬಿಸಿಲು ನೆತ್ತಿ ಸುಡುತ್ತಿರುವಾಗಲೇ ಗಂಗಾವತಿಗೆ ಹೋಗುವ ಸೇತುವೆ ಕೆಂಪು ನೀರಿನಡಿ ಮಾಯವಾಗುತ್ತದೆ. ಆವತ್ತು ಅರ್ಧ ಊರು ಕೋಟೆ ಕಡೆಗೆ ಹೊಳೆ ನೋಡಲು ಹೋಗುತ್ತದೆ. ಪೊಲೀಸರು ಬ್ಯಾರಿಕೇಡ್ ತರುವಷ್ಟರಲ್ಲಿ ಮಿರ್ಚಿ ಬಂಡಿಯವರು ಎಣ್ಣೆ ಕಾಯಿಸಿಯಾಗಿರುತ್ತದೆ.

ಆ ಶ್ರಾವಣದಲ್ಲಿ ಸೇತುವೆ ಮುಳುಗಿದ ದಿನವೇ ಕೊಟ್ರಬಸಮ್ಮನ ಮಗಳು ಸುನಿತಾಳ ಕುಬ್ಸ. ಸುನಿತಾಳನ್ನು ಕೊಟ್ಟಿದ್ದು ಹೊಳೆಯಾಚೆಯ ಗಂಗಾವತಿಗೆ. ಚೊಚ್ಚಲ ಬಸುರಿ. ಮಧ್ಯಾಹ್ನದೊಳಗೆ ತವರಿನವರು ಹೋಗಿ ಹಸಿರು ಸೀರೆ ಉಡಿಸಿ, ಬುತ್ತಿ ಉಣಿಸಿ, ಸಂಜೆ ಮಗಳನ್ನು ಬಾಣಂತನಕ್ಕೆ ಕರೆತರಬೇಕು. ಕೊಟ್ರಬಸಮ್ಮನ ಗಂಡ ಅಂದಾನಪ್ಪ ಬೆಳಿಗ್ಗೆಯೇ ಕಾರು ತಗೊಂಡು ತನ್ನ ಅಕ್ಕ ಗವಿಸಿದ್ದಮ್ಮನನ್ನು ಕರೆತರಲು ಸಂಡೂರಿಗೆ ಹೋಗಿದ್ದ. ಮನೆಯಲ್ಲಿ ಹಿಂದಿನ ದಿನದಿಂದ ಒಲೆ ಆರಿರಲಿಲ್ಲ. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಎಣಗಾಯಿ, ಕರ್ಚಿಕಾಯಿ, ಮೊಸರನ್ನ ಎಲ್ಲ ಡಬ್ಬಿ, ಬುಟ್ಟಿ ಸೇರಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು.

ಆಗ ಅಂದಾನಪ್ಪನ ಫೋನು ಬಂತು.

"ಬ್ರಿಜ್ ಬಂದ್ ಆತಂತಲ್ಲ! ನಿನ್ನ ಕರಕೊಂಡು ಸುತ್ತು ಹಾಕಿ ಹೋಗಬೇಕಂತ, ದಾರಿ ನೋಡಾಕ ಬುಕ್ಕಸಾಗರದ ಕಡಿಗೆ ಬಂದ್ರ ಇಲ್ಲಿ ಲಾರಿ ಕೆಟ್ಟು ಅಡ್ಡ ನಿಂತೈತಿ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬಸ್ಸೂ ಎಲ್ಲಾ ಇಲ್ಲೇ ನಿಂತಾವು. ನೀ ಮನ್ಯಾಗ ಆರಾಮ ಕುಂದ್ರು. ಬುತ್ತಿ ನಾಳೆ ಕೊಟ್ರ ಆತು."

"ನಾಳೆ ಕೊಡಾಕ ಅದೇನು ತೌಡಿನ ಚೀಲ ಏನ್ರಿ?" ಎಂದಳು ಕೊಟ್ರಬಸಮ್ಮ. ಆ ಕಡೆ ಹಾರ್ನುಗಳ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ.

ಫೋನಿಟ್ಟು ಹೊರಗೆ ಬಂದಳು. ಮನೆಗೆ ಅಂಟಿಕೊಂಡೇ ಅವರ ಅಕ್ಕಿ ಗಿರಣಿ. ಸುಗ್ಗಿಯಲ್ಲಾದರೆ ಕುದಿಸಿದ ಭತ್ತದ ವಾಸನೆ ಬೀದಿಯುದ್ದಕ್ಕೂ ಹಬ್ಬಿ, ಚಿಮಣಿಯ ಬೂದಿ ಒಣಹಾಕಿದ ಸೀರೆಗಳ ಮೇಲೆಲ್ಲ ಕೂತು, ಯಂತ್ರದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಈಗ ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವ ಕಾಲ. ಗಿರಣಿಗೆ ಕೆಲಸ ಕಡಿಮೆ. ಭತ್ತ ಒಣಗಿಸುವ ಸಿಮೆಂಟಿನ ಕಣ ಬೆಳ್ಳಗೆ ಖಾಲಿ ಬಿದ್ದಿತ್ತು. ಅದರ ಮೂಲೆಯಲ್ಲಿ, ಬೇವಿನ ನೆರಳಲ್ಲಿ, ಸುನಿತಾ ಮದುವೆಯಾಗಿ ಹೋಗುವಾಗ ಬಿಟ್ಟುಹೋದ ನೀಲಿ ಸ್ಕೂಟರು ನಿಂತಿತ್ತು.

ಬೇಸಿಗೆ ಫಸಲಿನ ಕೆಲಸ ಮುಗಿದಾಗಿನಿಂದ ಕೊಟ್ರಬಸಮ್ಮ ಅದರ ಮೇಲೆ ಕೂತು ಕಣ ಸುತ್ತುತ್ತಿದ್ದಳು. ಬಾಯ್ಲರ್ ನೋಡಿಕೊಳ್ಳುವ ಗುಡ್ಡಪ್ಪ ಕಲಿಸಿದವನು. ಅವನೇ ಹಿಂದೆ ಮುಂದೆ ಕೆಂಪು ಬಣ್ಣದಲ್ಲಿ ಎಲ್ ಬೋರ್ಡು ಬರೆದುಕೊಟ್ಟಿದ್ದ. ಕಣದಲ್ಲಿ ಭತ್ತ ಹರವುವ ಜಂಬವ್ವ ಸೀಟು ಹಿಡಿದುಕೊಂಡು ಹಿಂದೆ ಓಡಿದವಳು. ಕಣದ ಬಲಗಡೆ ಭತ್ತ ನೆನೆಸುವ ದೊಡ್ಡ ತೊಟ್ಟಿ. ಅದರೊಳಗೆ ಬಿದ್ದೇನೆಂಬ ಹೆದರಿಕೆಗೆ ಕೊಟ್ರಬಸಮ್ಮ ಯಾವತ್ತೂ ಎಡಕ್ಕೇ ಹ್ಯಾಂಡಲ್ ತಿರುಗಿಸುತ್ತಿದ್ದಳು. ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೆ ಎಡಕ್ಕೆ. ಬಲಕ್ಕೆ ತಿರುಗುವುದೊಂದು ಉಳಿದೇಹೋಗಿತ್ತು. "ಕಣ ದಾಟಿ ಹೋಗಬ್ಯಾಡ" ಎಂದು ಅಂದಾನಪ್ಪ ಹೇಳಿದ್ದ. ದಾಟುವ ಧೈರ್ಯ ಅವಳಿಗೂ ಇರಲಿಲ್ಲ.

"ಜಂಬವ್ವ" ಎಂದು ಕರೆದಳು. ಹೋಳಿಗೆ ಬೇಯಿಸಲು ಬಂದಿದ್ದ ಜಂಬವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. "ಗಾಡಿ ಮ್ಯಾಲ ಹಿಂದ ಕುಂದ್ರತಿ ಏನು?"

"ಎಲ್ಲಿತನಕ ಅಮ್ಮಾರೆ?"

"ಗಂಗಾವತಿತನಕ."

ಜಂಬವ್ವ ಒಮ್ಮೆ ಸ್ಕೂಟರನ್ನೂ ಒಮ್ಮೆ ಕೊಟ್ರಬಸಮ್ಮನನ್ನೂ ನೋಡಿದಳು. ಬೇಡ ಎನ್ನುತ್ತಾಳೆಂದು ಕೊಟ್ರಬಸಮ್ಮ ಕಾದಳು. ಜಂಬವ್ವ ಹೇಳಿದ್ದು, "ನಿಂದ್ರಿ, ಸೀರಿ ಬದಲು ಮಾಡ್ಕೊಂಡು ಬರ್ತೀನಿ."

ಹೆಲ್ಮೆಟ್ಟು ತಲೆಗೆ ಹೋಗಲಿಲ್ಲ. ಮುಡಿದ ಮಲ್ಲಿಗೆ ದಂಡೆ ಅಡ್ಡ ಬರುತ್ತಿತ್ತು. ದಂಡೆ ಬಿಚ್ಚಿ ಹ್ಯಾಂಡಲ್ಲಿಗೆ ಸುತ್ತಿದರು. ಡಬ್ಬಿಗಳನ್ನು ಕಾಲಿಡುವ ಜಾಗದಲ್ಲಿ ಕಟ್ಟಿದರು. ಹೋಳಿಗೆಯ ಬುಟ್ಟಿ ಜಂಬವ್ವನ ತೊಡೆಯೇರಿತು. ಹಸಿರು ಸೀರೆ ಸೀಟಿನ ಕೆಳಗೆ ಸೇರಿತು. ಗುಡ್ಡಪ್ಪ ಗೇಟು ತೆರೆದು ಬಾಗಿಲು ಕಾಯುವ ದೇವರ ಹಾಗೆ ನಿಂತ. "ಬ್ರೇಕ್ ಎರಡೂ ಹಿಡೀರಿ ಅಮ್ಮಾರೆ, ಎರಡೂ!" ಎಂದು ಅವನು ಕೂಗಿದ್ದು ಅವರು ಬೀದಿ ತಿರುವು ದಾಟಿದ ಮೇಲೂ ಕೇಳುತ್ತಿತ್ತು. ಆ ತಿರುವು, ಪುಣ್ಯಕ್ಕೆ, ಎಡಕ್ಕಿತ್ತು.

ಊರ ಹೊರಗೆ ರಸ್ತೆ ನೆಟ್ಟಗೆ ಮಲಗಿತ್ತು. ಎರಡೂ ಕಡೆ ಆಗತಾನೆ ನಾಟಿಯಾದ ಗದ್ದೆಗಳಲ್ಲಿ ಆಕಾಶ ಬಿದ್ದುಕೊಂಡಿತ್ತು. ರಾಮಸಾಗರ ಬರುವವರೆಗೆ ಕೊಟ್ರಬಸಮ್ಮ ಉಸಿರೇ ಬಿಟ್ಟಿರಲಿಲ್ಲ ಎನ್ನಬೇಕು. ಎದುರಿಗೆ ಆಕಳು ಬಂದರೂ ಹಾರ್ನು, ಕೋಳಿ ಬಂದರೂ ಹಾರ್ನು. ಹೊಲದ ಬದುವಿನ ಮೇಲೆ ದೂರದಲ್ಲಿ ಸುಮ್ಮನೆ ನಿಂತಿದ್ದ ಮುದುಕನಿಗೂ ಒಂದು ಹಾರ್ನು. ಅವನು ಗಾಬರಿಯಾಗಿ ಕೈ ಮುಗಿದ. ಜಂಬವ್ವ ಹಿಂದಿನಿಂದ ಕಿಸಕ್ಕನೆ ನಕ್ಕಳು. ಆ ನಗು ಬೆನ್ನಿಗೆ ತಾಗಿ ಕೊಟ್ರಬಸಮ್ಮನಿಗೂ ನಗು ಉಕ್ಕಿತು.

"ನಗಿಸಬ್ಯಾಡ ಜಂಬವ್ವ, ಗಾಡಿ ಅಲುಗತೈತಿ!"

"ನಾ ನಗಲಿಲ್ರಿ, ಹೋಳಿಗಿ ಬುಟ್ಟಿ ನಕ್ಕತು!"

ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಬಾಳೆ ತೋಟಗಳು, ಬಂಡೆಗಳು, ಮತ್ತೆ ಬಾಳೆ ತೋಟಗಳು, ನಡುವೆ ಇಬ್ಬರು ಹೆಂಗಸರ ನಗು ಬುಕ್ಕಸಾಗರದವರೆಗೂ ಹೋಯಿತು.

ಬುಕ್ಕಸಾಗರದಲ್ಲಿ ನಿಜವಾದ ಕಷ್ಟ ಶುರುವಾಯಿತು. ಕಡೆಬಾಗಿಲಿನ ಎತ್ತರದ ಸೇತುವೆಗೆ ಹೋಗುವ ದಾರಿ ಬಲಕ್ಕಿತ್ತು. ಕೊಟ್ರಬಸಮ್ಮ ಬಲಕ್ಕೆ ನೋಡಿದಳು. ಕೈ ಮಾತ್ರ ಕೇಳಲಿಲ್ಲ. ಸ್ಕೂಟರು ತಿರುವನ್ನು ದಾಟಿ ಮುಂದೆ ಹೋಯಿತು.

"ಅಮ್ಮಾರೆ, ದಾರಿ ಹಿಂದ ಉಳೀತು!"

"ಗೊತ್ತೈತಿ! ಎಡಕ್ಕ ಹೋಗಿ ಬರ್ತೀನಿ!"

ಎಡಕ್ಕೆ ಒಂದು ಸಂದಿಯೊಳಗೆ ನುಗ್ಗಿ, ಮತ್ತೆ ಎಡಕ್ಕೆ ಮನೆಗಳ ಹಿಂದೆ ಸಾಗಿ, ಮತ್ತೆ ಎಡಕ್ಕೆ ತಿರುಗಿದರೆ ನೇರ ಸೇತುವೆಯ ದಾರಿಗೇ ಮುಖವಾಗಬೇಕು. ಲೆಕ್ಕ ಸರಿಯಿತ್ತು. ಆದರೆ ಕೊನೆಯ ಸಂದಿಯಲ್ಲಿ ಒಂದು ಎಮ್ಮೆ ಅಡ್ಡ ನಿಂತು ಮೆಲುಕು ಹಾಕುತ್ತಿತ್ತು. ಅದು ಹಾರ್ನಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಸ್ಕೂಟರು ಅದನ್ನು ಬಿಟ್ಟು ಮುಂದಿನ ಸಂದಿಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಿ, ಮತ್ತೆ ಹೆದ್ದಾರಿಗೆ ಬಂದು, ಮತ್ತೆ ಎಡಕ್ಕೆ ಹೊರಳಿ, ಹಳೇ ಸುತ್ತನ್ನೇ ಹಿಡಿಯಿತು. ಕಟ್ಟೆಯ ಮೇಲೆ ಕೂತವರು ಎರಡನೇ ಸಲಕ್ಕೆ ಎದ್ದು ನಿಂತರು. ಮೂರನೇ ಸಲಕ್ಕೆ ಅಂಗಡಿಯವರೂ ಹೊರಗೆ ಬಂದರು.

"ಮತ್ತ ಬಂದ್ರು ನೋಡ್ರಲೇ, ಅಮ್ಮಾರು ಮತ್ತ ಬಂದ್ರು!"

"ಎಲ್ಲಿಗಬೇ ಯಕ್ಕಾ?" ಎಂದು ಅಂಗಡಿಯವಳೊಬ್ಬಳು ಕೂಗಿದಳು.

"ಮಗಳ ಕುಬ್ಸಕ್ಕ!" ಎಂದು ಜಂಬವ್ವ ಬುಟ್ಟಿ ಎತ್ತಿ ತೋರಿಸಿದಳು.

ಕುಬ್ಸ ಎಂದದ್ದೇ ತಡ, ಊರವರಿಗೆ ಅದು ತಮ್ಮದೇ ಮನೆಯ ಕೆಲಸವಾಯಿತು. ಇಬ್ಬರು ಎಮ್ಮೆಯನ್ನು ಹಿಂದಿನಿಂದ ನೂಕಿದರು, ಒಬ್ಬ ಹಗ್ಗ ಜಗ್ಗಿದ, ಅಂಗಡಿಯವಳು ಹೆದ್ದಾರಿ ನಡುವೆ ನಿಂತು ಬಸ್ಸೊಂದನ್ನು ಕೈಯಡ್ಡ ಮಾಡಿ ನಿಲ್ಲಿಸಿದಳು. ನಾಲ್ಕನೇ ಸುತ್ತಿಗೆ ದಾರಿ ಸಾಪಾಗಿತ್ತು. ಸ್ಕೂಟರು ಸಂದಿಯಿಂದ ಬಾಣದ ಹಾಗೆ ಹೊರಬಿದ್ದು, ಹೆದ್ದಾರಿ ದಾಟಿ, ಸೇತುವೆಯ ದಾರಿ ಹಿಡಿಯಿತು. ಹಿಂದೆ ಸಿಳ್ಳೆ ಬಿದ್ದವು.

ಆ ದಾರಿಯಲ್ಲಿ ಲಾರಿಗಳ ಸಾಲು. ಭತ್ತದ ಲಾರಿ, ಮರಳಿನ ಲಾರಿ, ಬಸ್ಸು, ಕಾರು. ಅಂಚಿನಲ್ಲಿ ಸ್ಕೂಟರಿಗಷ್ಟೇ ಸಾಲುವ ಮಣ್ಣಿನ ಹಾದಿ ಉಳಿದಿತ್ತು. ಸಾಲಿನ ಮಧ್ಯೆ ಬಿಳಿ ಕಾರೊಂದರ ಕಿಟಕಿಯಿಂದ ಅಂದಾನಪ್ಪ ಮೊಣಕೈ ಹೊರಗಿಟ್ಟು, ಬೆವರು ಒರೆಸಿಕೊಳ್ಳುತ್ತ ಕೂತಿದ್ದ. ಮೊದಲು ಅವನಿಗೆ ಹಾರ್ನು ಕೇಳಿತು. ಆಮೇಲೆ ಮಲ್ಲಿಗೆ ಸುತ್ತಿದ ಹ್ಯಾಂಡಲ್ಲು ಕಂಡಿತು. ಆಮೇಲೆ ಹೆಲ್ಮೆಟ್ಟಿನೊಳಗೆ ತನ್ನ ಹೆಂಡತಿಯ ಮುಖ.

"ಲೇ! ಏಯ್! ಇದೇನು... ನಿಂದ್ರಲೇ!"

"ನಿಂದ್ರಾಕ ಆಗಂಗಿಲ್ರೀ!" ಎಂದಳು ಕೊಟ್ರಬಸಮ್ಮ, ಕಣ್ಣು ಹಾದಿಯಿಂದ ತೆಗೆಯದೆ. "ನೀವು ಆರಾಮ ಕುಂತು ಬರ್ರಿ!"

ಜಂಬವ್ವ ಸಾವ್ಕಾರರಿಗೆ ಒಂದು ಕೈಯಲ್ಲಿ ನಮಸ್ಕಾರ ಮಾಡಿದಳು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಗವಿಸಿದ್ದಮ್ಮ ಎದ್ದು, "ಯಾರದು ಹಂಗ ಹೋದಾಕಿ?" ಎಂದು ಕೇಳಿದಳು. ಅಂದಾನಪ್ಪ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಸ್ಕೂಟರು ಎಬ್ಬಿಸಿದ ಧೂಳನ್ನೇ ನೋಡುತ್ತಿದ್ದ.

ಸೇತುವೆಯ ಮೇಲೆ ಗಾಳಿ ಎದ್ದು ಬಂತು. ಕೆಳಗೆ ತುಂಗಭದ್ರೆ ದಡದಿಂದ ದಡಕ್ಕೆ ಕೆಂಪಗೆ ಉಕ್ಕುತ್ತಿದ್ದಳು. ಬೇಸಿಗೆಯಲ್ಲಿ ಆನೆಗಳಂತೆ ಮಲಗಿರುತ್ತಿದ್ದ ಬಂಡೆಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಮೇಲೆ ಮೋಡವಿಲ್ಲದ ನೀಲಿ. ಇಬ್ಬರ ಸೆರಗುಗಳೂ ಪಟಪಟನೆ ಹಾರಿದವು. ಹುಟ್ಟಿದಾಗಿನಿಂದ ಹೊಳೆಯ ದಂಡೆಯಲ್ಲೇ ಬದುಕಿದ ಕೊಟ್ರಬಸಮ್ಮ ಪ್ರತಿ ಸಲವೂ ಅದನ್ನು ಯಾರದೋ ಗಾಡಿಯ ಕಿಟಕಿಯಿಂದ ನೋಡಿದ್ದಳು. ಈಗ ಅದರ ಸದ್ದು ಹ್ಯಾಂಡಲ್ಲಿನಿಂದ ಅಂಗೈಗೆ ಏರಿ ಬರುತ್ತಿತ್ತು. ಎದೆ ತುಂಬಿ, ಏನು ಮಾಡಬೇಕೋ ತಿಳಿಯದೆ, ಜೋರಾಗಿ "ಹೋ!" ಎಂದು ಕೂಗಿದಳು. ಜಂಬವ್ವ ಇನ್ನೂ ಜೋರಾಗಿ "ಹೋ!" ಎಂದಳು.

ಕಡೆಬಾಗಿಲು ಬಂತು. ಗಂಗಾವತಿಗೆ ಇಲ್ಲೂ ಬಲಕ್ಕೇ ಹೊರಳಬೇಕು. ಈ ಸಲ ಸುತ್ತು ಹಾಕಲು ಸಂದಿಗಳಿರಲಿಲ್ಲ. ಎಡಗಡೆ ಬರೀ ಬಂಡೆಗಳ ಗುಡ್ಡ.

"ಹೆಂಗ ಮಾಡಾನ ಜಂಬವ್ವ?"

"ಬಲಕ್ಕ ವಾಲ್ರಿ ಅಮ್ಮಾರೆ. ನಾನೂ ವಾಲ್ತೀನಿ. ಬಿದ್ರ ಇಬ್ರೂ ಬೀಳಾನ!"

ಇಬ್ಬರೂ ಒಟ್ಟಿಗೆ ಬಲಕ್ಕೆ ವಾಲಿದರು. ಹೋಳಿಗೆ ಬುಟ್ಟಿಯೂ ವಾಲಿತು. ಸ್ಕೂಟರು ಒಂದು ಗಳಿಗೆ ಯೋಚಿಸಿದಂತೆ ಮಾಡಿ, ಆಮೇಲೆ ನಿಧಾನವಾಗಿ, ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನಯವಾಗಿ ಬಲಕ್ಕೆ ಹೊರಳಿತು.

"ಆತು! ಜಂಬವ್ವ, ಆತಲೇ!"

"ಇನ್ನೊಮ್ಮೆ ತಿರುಗಿಸ್ರಿ, ಮಸ್ತ್ ಇತ್ತು!"

ಗಂಗಾವತಿಯ ಮನೆ ಮುಂದೆ ಚಪ್ಪರದ ಕೆಳಗೆ ಬೀಗಿತ್ತಿ ಚಂದ್ರಕಲಾ ದಾರಿ ಕಾಯುತ್ತ ನಿಂತಿದ್ದಳು. ಸ್ಕೂಟರು ಚಪ್ಪರದೊಳಗೇ ಬಂದು, ಎರಡೂ ಬ್ರೇಕು ಒಟ್ಟಿಗೆ ಬಿದ್ದು, ಅವಳ ಕಾಲ್ಬೆರಳ ಹತ್ತಿರ ನಿಂತಿತು. ಸುನಿತಾ ಒಳಗಿನಿಂದ ಬಂದು ನೋಡಿ, ಬಾಗಿಲ ಚೌಕಟ್ಟು ಹಿಡಿದು, ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು ನಕ್ಕಳು. "ಅವ್ವಾ, ನಗಿಸಬ್ಯಾಡಬೇ, ಒಳಗ ಕೂಸು ಒದೀತೈತಿ!"

ಹಸಿರು ಸೀರೆ ಹೊತ್ತಿಗೆ ಸರಿಯಾಗಿ ಉಡಿಸಿದರು. ಹೋಳಿಗೆಗಳಲ್ಲಿ ಕೆಲವು ಮಡಚಿಕೊಂಡಿದ್ದವು, ರುಚಿಗೇನೂ ಕಡಿಮೆಯಾಗಿರಲಿಲ್ಲ. ಆರತಿ ಎತ್ತುವಾಗ ಕೊಟ್ರಬಸಮ್ಮ ಜಂಬವ್ವನ ಕೈಯನ್ನೂ ತಟ್ಟೆಗೆ ಹಚ್ಚಿಸಿದಳು.

ಎಲ್ಲರೂ ಎಲೆ ಮುಂದಿನಿಂದ ಎದ್ದ ಮೇಲೆ ಕಾರು ಬಂತು. ಅಂದಾನಪ್ಪ ಗಂಟುಮೋರೆ ಹಾಕಿಕೊಂಡೇ ಇಳಿದ. ಆದರೆ ಬೀಗರು ಸುತ್ತ ಸೇರಿ, "ಏನ್ರಿ ನಿಮ್ಮ ಮನಿಯವರು ಗಾಡಿ ಮ್ಯಾಲ ಬಂದ್ರಲ್ರಿ!" ಎಂದು ಬಾಯಿ ಬಿಟ್ಟಾಗ ಅವನ ಮೀಸೆ ತಾನಾಗಿಯೇ ಏರಿತು.

"ಅಕಿ ಹಂಗರಿ. ನಮ್ಮ ಕಾರು ಹಿಂದ ಹಾಕಿ ಎಂಬತ್ತರ ಸ್ಪೀಡಿನಾಗ ಹೋದಳು. ಧೂಳು ಬಿಟ್ರ ಏನೂ ಕಾಣಲಿಲ್ಲ."

"ಇಪ್ಪತ್ತೈದು ದಾಟಿಲ್ರೀ" ಎಂದಳು ಕೊಟ್ರಬಸಮ್ಮ.

"ನೀ ಸುಮ್ನಿರು, ನಿಂಗ ಗೊತ್ತಾಗಂಗಿಲ್ಲ."

ಸಂಜೆ ಹೊರಡುವಾಗ ಸುನಿತಾಳನ್ನು ಕಾರಿನಲ್ಲಿ ಮೆಲ್ಲಗೆ ಕೂರಿಸಿದರು. ಬಸುರಿಯನ್ನು ಹಿಡಿದುಕೊಳ್ಳಲು ಜಂಬವ್ವ ಪಕ್ಕದಲ್ಲಿ ಕೂತಳು. ಇನ್ನೂ ಜಾಗ ಬೇಕಾದಷ್ಟಿತ್ತು. ಆದರೆ ಗವಿಸಿದ್ದಮ್ಮ ಕಾರಿನ ಕಡೆ ತಿರುಗಿಯೂ ನೋಡದೆ, ಕನ್ನಡಕ ತೆಗೆದು ಸೊಂಟಕ್ಕೆ ಸಿಗಿಸಿಕೊಂಡು, ಬೀಗಿತ್ತಿಯ ಮಗನ ಹೆಲ್ಮೆಟ್ಟು ಇಸಕೊಂಡು ತಲೆಗೇರಿಸಿ, ಸೀದಾ ಸ್ಕೂಟರಿನ ಬಳಿ ಬಂದು ನಿಂತಳು.

"ಅಕ್ಕಾರೆ, ನಿಮಗ ಹೆದರಿಕಿ ಆಗಂಗಿಲ್ಲ?" ಎಂದು ಕೊಟ್ರಬಸಮ್ಮ ಕೇಳಿದಳು.

"ಬೆಳಿಗ್ಗಿಂದ ಆ ಕಾರಿನ್ಯಾಗ ಕುಂತು ಹುಳಿ ಹುಳಿ ಆಗೀನಿ. ಜಲ್ದಿ ಹೊಡಿ ನೀನು."

ಆನೆಗುಂದಿಯ ಗದ್ದೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಕಾರು ಹಿಂದೆ ಮೆಲ್ಲಗೆ ಬರುತ್ತಿತ್ತು. ಗವಿಸಿದ್ದಮ್ಮ ಮುದಿ ಕೈಗಳಿಂದ ತಮ್ಮನ ಹೆಂಡತಿಯ ನಡು ಬಳಸಿ ಹಿಡಿದು, ಸೇತುವೆಯ ಗಾಳಿ ಮುಖಕ್ಕೆ ಹೊಡೆದದ್ದೇ ಸಣ್ಣ ಹುಡುಗಿಯ ಹಾಗೆ ಕಿರುಚಿದಳು.