ಸೊಂಟದವರೆಗಿನ ಮನುಷ್ಯ

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಮನೆಯಲ್ಲಿ ಮೂವರು ಉಳಿದಿದ್ದರು: ಅವಳು, ಅತ್ತೆ, ಮತ್ತು ನಡುಮನೆಯ ಮೂಲೆಯಲ್ಲಿ ಮಲಗಿದ್ದ, ಸೊಂಟದವರೆಗೆ ಮಾತ್ರ ಇದ್ದ ರಬ್ಬರ್ ಮನುಷ್ಯ. ಮೂವರಲ್ಲಿ ಚೆನ್ನಾಗಿ ನಿದ್ದೆ ಮಾಡಿದವನು ಅವನೊಬ್ಬನೇ.

ಮುಖ ಕಾಣದಿರಲೆಂದು ಅತ್ತೆ ಅವನ ಮೇಲೆ ಬೆಡ್‌ಶೀಟು ಹೊದಿಸಿದ್ದರು. ಹೊದಿಸಿದ ಮೇಲೆ ಅವನು ಇನ್ನಷ್ಟು ಹೆಣದಂತೆ ಕಂಡ. ತಡವಾಗಿ ಬಂದ ದೂರದ ಚಿಕ್ಕಪ್ಪ ಒಬ್ಬರು, ದೇಹವನ್ನು ಆಗಲೇ ಸ್ಮಶಾನಕ್ಕೆ ಒಯ್ದಾಗಿದೆಯೆಂದು ತಿಳಿಯದೆ, ಬೆಡ್‌ಶೀಟಿನ ತುದಿಗೆ ಕೈಮುಗಿದು ಅತ್ತಿದ್ದರು. ಪಾದವೇ ಇಲ್ಲದವನಿಗೆ ಸಿಕ್ಕ ಮರ್ಯಾದೆ ಅದು.

ಅವಳ ಗಂಡ ಕಡಲ ದಂಡೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಜೀವ ಉಳಿಸುವುದನ್ನು ಕಲಿಸುತ್ತಿದ್ದ. ಸೆಳೆತಕ್ಕೆ ಸಿಕ್ಕವನತ್ತ ಹೇಗೆ ಈಜಬೇಕು, ಅವನು ಕುತ್ತಿಗೆಗೆ ಜೋತುಬೀಳುವ ಮೊದಲೇ ತೇಲುವ ಟ್ಯೂಬನ್ನು ಹೇಗೆ ನಡುವೆ ತಳ್ಳಬೇಕು, ದಡಕ್ಕೆ ತಂದಾಗ ಉಸಿರು ನಿಂತಿದ್ದರೆ ಎದೆಯನ್ನು ಹೇಗೆ ಒತ್ತಬೇಕು. ಒತ್ತುವ ಪಾಠಕ್ಕಾಗಿ ಊರಿನ ಈಜುಕೊಳದಿಂದ ಈ ಬೊಂಬೆಯನ್ನು ಕಡ ತಂದಿದ್ದ. ಸರಿಯಾಗಿ ಒತ್ತಿದರೆ ಅದರ ಹೆಗಲಲ್ಲಿ ಹಸಿರು ದೀಪ, ಆಳ ಸಾಲದಿದ್ದರೆ ಕೆಂಪು. ಇಂಥ ಕೆಲಸದವನು ಸಮುದ್ರದಲ್ಲಿ ಸತ್ತಿದ್ದರೆ ಪೇಪರಿನವರಿಗಾದರೂ ಒಂದು ಒಳ್ಳೆಯ ತಲೆಬರಹ ಸಿಗುತ್ತಿತ್ತು. ಅವನು ಸತ್ತದ್ದು ಅಡುಗೆಮನೆಯ ನೆಲದ ಮೇಲೆ, ಕೈಯಲ್ಲಿ ಬ್ರೆಡ್ಡಿನ ಚೂರು ಹಿಡಿದುಕೊಂಡು. ಎದೆಬಡಿತ ನಿಂತುಹೋಯಿತು, ಅಷ್ಟೇ.

ಅವಳು ಒತ್ತಿದ್ದಳು. ಆಂಬುಲೆನ್ಸ್ ಬರುವವರೆಗೂ ಒಬ್ಬಳೇ, ಅವನೇ ಹಿಂದೊಮ್ಮೆ ಕಲಿಸಿಕೊಟ್ಟಂತೆ. ಅತ್ತೆ ಬಾಗಿಲಲ್ಲಿ ನಿಂತು ದೇವರನ್ನು ಕೂಗುತ್ತಿದ್ದರು. ದೇವರೂ ಆಂಬುಲೆನ್ಸೂ ಅವತ್ತು ಒಂದೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು.

“ನಿನ್ನ ಕೈಲಾದ್ದು ನೀನು ಮಾಡ್ದೆ ಬಿಡಮ್ಮ” ಎಂದು ಬಂದವರೆಲ್ಲ ಹೇಳಿದರು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳಿಗೆ ‘ಕೈಲಾದ್ದು’ ಯಾವ ಅಳತೆಯೆಂದು ಅರ್ಥವಾಗಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ ಉತ್ತರ: ಅವತ್ತು ತಾನು ಒತ್ತಿದ್ದು ಸರಿಯಾಗಿತ್ತೇ, ಇಲ್ಲವೇ? ಹೇಳಬಲ್ಲವನು ಮೂಲೆಯಲ್ಲೇ ಇದ್ದ. ಬೆಡ್‌ಶೀಟು ಸರಿಸುವ ಧೈರ್ಯ ಅವಳಿಗಿರಲಿಲ್ಲ.

ಅಷ್ಟರಲ್ಲಿ ಈಜುಕೊಳದ ಮ್ಯಾನೇಜರರ ಫೋನು ಬಂತು.

“ಮೇಡಂ, ಇಂಥಾ ಹೊತ್ತಲ್ಲಿ ತೊಂದ್ರೆ ಕೊಡಬಾರ್ದು...”

“ಪರವಾಗಿಲ್ಲ, ಕೊಡಿ.”

“ಆ ಬೊಂಬೆ ನಮಗೆ ಬೇಕಾಗಿತ್ತು. ಅವಸರ ಏನೂ ಇಲ್ಲ. ಇವತ್ತು ಸಾಯಂಕಾಲದ ಒಳಗೆ.”

ಫೋನಿಟ್ಟು ನೋಡಿದರೆ ಗೇಟಿನಾಚೆ ಹಳದಿ ಬನಿಯನ್ನಿನಲ್ಲಿ ಗಂಡನ ಇಬ್ಬರು ವಿದ್ಯಾರ್ಥಿಗಳು ನಿಂತಿದ್ದರು. ಏಡಿ ಮತ್ತು ಆಮೆ. ಹೆಸರಿಟ್ಟವನು ಅವಳ ಗಂಡನೇ. ಹುಡುಗಿ ಅಲೆ ಸವಾರಿಯ ಬೋರ್ಡಿನ ಮೇಲೆ ಅಡ್ಡಡ್ಡ ಹೋಗುತ್ತಾಳೆಂದು ಏಡಿ, ಹುಡುಗ ಎಲ್ಲದರಲ್ಲೂ ಕೊನೆಗೆ ಬರುತ್ತಾನೆಂದು ಆಮೆ.

“ಆಂಟಿ, ಸರ್‌ದು ಒಂದು ಸಾಮಾನು...” ಆಮೆ ತಡವರಿಸಿದ.

ಹೋದ ವಾರದವರೆಗೆ ಅವಳು ಇವರಿಗೆ ಅಕ್ಕನಾಗಿದ್ದಳು. ಗಂಡ ಹೋದರೆ ಹೆಂಗಸಿಗೆ ಕೇಳದೆಯೇ ಬಡ್ತಿ ಸಿಗುತ್ತದೆ.

“ಅರ್ಧ ಸಾಮಾನು” ಎಂದಳು. “ಯಾಕೆ?”

“ಇವತ್ತು ಪರೀಕ್ಷೆ” ಎಂದಳು ಏಡಿ. “ಅಲೆ ದಾಟಿ ಹೋಗಿ ಒಬ್ಬರನ್ನ ಎಳ್ಕೊಂಡು ಬಂದು, ಆಮೇಲೆ ಬೊಂಬೆ ಮೇಲೆ ಒತ್ತಿ ತೋರಿಸ್ಬೇಕು. ಬೊಂಬೆ ಸಿಗ್ಲಿಲ್ಲ ಅಂದ್ರೆ ಇವನ ಮೇಲೇ ಒತ್ತೋದು.”

“ನಾನು ಒಪ್ಪಿಲ್ಲ ಆಂಟಿ” ಎಂದ ಆಮೆ.

ಅವಳು ಬೆಡ್‌ಶೀಟು ಎಳೆದು ಬೊಂಬೆಯನ್ನು ಕಂಕುಳಿಗೇರಿಸಿದಳು. ಅತ್ತೆ ಕಣ್ಣರಳಿಸಿದರು.

“ಎಲ್ಲಿಗೇ ಹೊರಟೆ? ಬೀಚಿಗಾ? ನೋಡಿದವರು ಏನಂದ್ಕೊಳ್ತಾರೆ?”

“ಗಂಡಸಿನ ಜೊತೆ ಹೋದ್ಳು ಅಂದ್ಕೊಳ್ತಾರೆ ಅತ್ತೆ. ಬಾಗಿಲು ಹಾಕ್ಕೊಳ್ಳಿ.”

ದಂಡೆಯಲ್ಲಿ ಪರೀಕ್ಷಕರು ಕೊಡೆಯಡಿ ಕುರ್ಚಿ ಹಾಕಿಕೊಂಡಿದ್ದರು. ಮುಳುಗುವ ಪಾತ್ರ ಆಮೆಯದು. ಅಲೆಗಳಾಚೆ ಹೋದವನೇ ಎರಡೂ ಕೈ ಬೀಸಿ “ಕಾಪಾಡೀ, ಯಾರಾದ್ರೂ ಕಾಪಾಡೀ” ಎಂದು ನಾಟಕದ ರಾಜನಂತೆ ಒರಲಿದ.

ಪರೀಕ್ಷಕರು ಮೈಕು ಎತ್ತಿಕೊಂಡರು. “ಲೋ, ಮುಳುಗೋನಿಗೆ ಕೂಗಕ್ಕೆ ಉಸಿರೆಲ್ಲಿರುತ್ತೋ? ಬಾಯಿ ಮುಚ್ಕೊಂಡು ಮುಳುಗು!”

ಆಮೆ ಬಾಯಿ ಮುಚ್ಚಿಕೊಂಡು ಮುಳುಗಿದ. ಏಡಿ ಅಲೆಯೊಂದು ಮುರಿಯುವವರೆಗೆ ಕಾದು, ಅದರಡಿಯಿಂದ ತೂರಿ, ಸೆಳೆತದ ಜೊತೆಗೇ ಹೋಗಿ ಅವನ ಮುಂದೆ ಟ್ಯೂಬು ತಳ್ಳಿದಳು. ಅವನು ಅದನ್ನು ತಬ್ಬಿಕೊಂಡ. ನೇರ ದಡಕ್ಕೆ ಬರುವ ಮೂರ್ಖತನ ಮಾಡದೆ, ಮೊದಲು ಪಕ್ಕಕ್ಕೆ ಸರಿದು ಸೆಳೆತದಿಂದ ತಪ್ಪಿಸಿಕೊಂಡು, ಆಮೇಲೆ ಅಲೆಗಳ ಬೆನ್ನೇರಿ ಅವನನ್ನು ತಂದಳು. ಅಡ್ಡಡ್ಡ ಹೋಗುವವಳಿಗೆ ಅದೊಂದು ಕಡೆ ಅನುಕೂಲವಾಯಿತು. ಮರಳಿಗೆ ಬಂದವಳೇ ಬೊಂಬೆಯ ಮುಂದೆ ಮಂಡಿಯೂರಿ ಒತ್ತಿದಳು. ಹಸಿರು. ಹಸಿರು. ಪರೀಕ್ಷಕರು ಪಾಸು ಎಂದು ಹೇಳಿ, ಒಣಗಿದ ಬಾಯಿಗೆ ಟೀ ಹುಡುಕಿಕೊಂಡು ಹೋದರು.

“ನಾನೊಂದ್ಸಲ ಒತ್ಲಾ?” ಎಂದಳು ಅವಳು.

ಏಡಿ ಸರಿದು ಜಾಗ ಬಿಟ್ಟಳು.

ಅವಳು ಮಂಡಿಯೂರಿ, ಅಂಗೈ ಮೇಲೆ ಅಂಗೈ ಇಟ್ಟು ಒತ್ತಿದಳು. ಹಸಿರು. ಮತ್ತೆ ಹಸಿರು. ಆಮೆ “ಭಲೇ ಆಂಟಿ” ಎಂದ. ಅವಳು ನಿಲ್ಲಿಸಲಿಲ್ಲ. ಆಂಬುಲೆನ್ಸಿಗಾಗಿ ಕಾದಷ್ಟು ಹೊತ್ತು ಒತ್ತಬೇಕಿತ್ತು. ಇಲ್ಲದಿದ್ದರೆ ಲೆಕ್ಕ ಹೇಗೆ ಸರಿಹೋದೀತು? ಸೊಂಟ ಹಿಡಿಯಿತು, ತೋಳು ನಡುಗಿತು, ಬೆವರು ಕಣ್ಣಿಗಿಳಿಯಿತು. ದೀಪ ಒಮ್ಮೆ ಕೆಂಪಾಗಿ ಹಸಿರಾಯಿತು. ಆಮೇಲೆ ಕೆಂಪಿನಲ್ಲೇ ನಿಂತಿತು.

“ಅಕ್ಕಾ, ಮೊಣಕೈ ಮಡಚ್ಬೇಡಿ” ಎಂದಳು ಏಡಿ. ಆಮೇಲೆ, “ಬಿಡಿ ಅಕ್ಕ, ನಾನು ಬದಲಿಗೆ ಬರ್ತೀನಿ.”

“ಅವತ್ತು ಯಾರೂ ಬರ್ಲಿಲ್ಲ.”

ಅವಳು ಇನ್ನೂ ಒತ್ತುತ್ತಲೇ ಇದ್ದಳು.

“ಒಬ್ಬರೇ ಇಷ್ಟು ಹೊತ್ತು ಒತ್ತಿದ್ರೆ ಕೆಂಪಾಗ್ಲೇಬೇಕು ಅಕ್ಕ” ಎಂದಳು ಏಡಿ ಮೆಲ್ಲಗೆ. “ಎಲ್ರಿಗೂ ಆಗುತ್ತೆ. ಸರ್‌ಗೂ ಆಗೋದು.”

“ನಿಜವಾಗ್ಲೂ?”

“ನಮ್ಮೆದುರಿಗೇ ಆಯ್ತು” ಎಂದ ಆಮೆ. “ಬೊಂಬೆ ಕೆಟ್ಟಿದೆ ಕಣ್ರೋ ಅಂತ ಹೇಳಿ ಎದ್ಬಿಟ್ರು.”

ಅವಳಿಗೆ ನಗು ಬಂತು. ಬೇಡವೆಂದರೂ ಬಂತು. ಗಂಡನ ಆ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು: ಸೋತಾಗಲೆಲ್ಲ ಪಕ್ಕದ ವಸ್ತುವಿನ ಮೇಲೆ ತಪ್ಪು ಹೊರಿಸಿ ಎದ್ದುಹೋಗುವ ಮುಖ. ನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು, ಅವನು ಸತ್ತ ದಿನದಿಂದ ಒಂದು ಹನಿಯೂ ಬಾರದಿದ್ದದ್ದು. ಏಡಿ ಅವಳ ಕೈಗಳ ಪಕ್ಕದಲ್ಲಿ ತನ್ನ ಕೈ ಇಟ್ಟು, ಲಯ ತಪ್ಪಿಸದೆ ತಾನೂ ಒತ್ತತೊಡಗಿದಳು. ಅವಳು ಕೈ ತೆಗೆದು ಮರಳಿನಲ್ಲಿ ಕುಳಿತಳು.

ಅವತ್ತೂ ಮೊದಲು ಸರಿಯಾಗಿ ಒತ್ತಿದ್ದಳು. ಆಮೇಲೆ ಆಗಿರಲಿಲ್ಲ. ಸಮಾಧಾನವೆನ್ನಲು ಇದು ತೀರ ಕಡಿಮೆ, ಆದರೆ ಮನೆಗೆ ಬಂದ ಅಷ್ಟೂ ನೆಂಟರು ಸೇರಿ ಕೊಟ್ಟದ್ದಕ್ಕಿಂತ ಹೆಚ್ಚೇ ಇತ್ತು.

ಸಂಜೆ ಈಜುಕೊಳದ ಆಫೀಸಿನಲ್ಲಿ ಬೊಂಬೆಯನ್ನು ಮೇಜಿನ ಮೇಲೆ ಮಲಗಿಸಿದಳು. ಮ್ಯಾನೇಜರರು ದುಃಖದ ಮುಖ ಮಾಡಿಕೊಂಡೇ ಅದರ ಕಿವಿಯೊಳಗೆ ಬೆರಳು ಹಾಕಿ ನೋಡಿದರು.

“ಮರಳು ಹೊಕ್ಕಿದೆಯಲ್ಲ ಮೇಡಂ.”

“ಬೀಚಿಗೆ ಹೋಗಿದ್ದ.”

“ಹೋಗ್ಲಿ ಬಿಡಿ, ತೊಳೆದ್ರಾಯ್ತು. ದೀಪ ಗೀಪ ಎಲ್ಲ ಸರಿಯಾಗಿದೆ ತಾನೇ?”

“ಸರಿಯಾಗೇ ಇದೆ. ನಾನೇ ಒತ್ತಿ ನೋಡಿದೀನಿ” ಎಂದು ಅವಳು ಬೊಂಬೆಯನ್ನು ಅವರತ್ತ ಸರಿಸಿದಳು.