ನೀಲಿ ದಾರ

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ನಾನು ಕಂಬಳಿ ನೇಯುವವರ ಮನೆಯವಳು. ಅಂಚಿನಲ್ಲಿ ಒಂದು ಎಳೆ ನೇತಾಡುತ್ತಿದ್ದರೆ ಸಾಕು, ಕೈ ತಾನಾಗಿ ಕತ್ತರಿ ಹುಡುಕುತ್ತದೆ. ಎಳೆ ಬಿಟ್ಟ ಕಂಬಳಿಯನ್ನು ಯಾರ ಕೈಗೂ ಕೊಡಬಾರದು ಎಂದು ಕಲಿಸಿದವಳು ಭರಮಸಾಗರದ ಶಾಂತಕ್ಕ, ನನ್ನ ದೊಡ್ಡಮ್ಮ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿ, ಮಗ್ಗದ ದುಡಿಮೆಯಲ್ಲೇ ಓದಿಸಿದವಳೂ ಅವಳೇ.

ಈಗ ಚಿತ್ರದುರ್ಗದ ಒಂದು ಲ್ಯಾಬಿನಲ್ಲಿ ನಾನು ಮೆತ್ತನೆಯ ಪಟ್ಟಿ ತಯಾರಿಸುತ್ತೇನೆ. ಸ್ನಾಯು ಮೂಳೆಗೆ ಅಂಟಿಕೊಂಡಿರುವ ಜಾಗ ಹರಿದವರಿಗೆ ಹೊಲಿಯುವ ಪಟ್ಟಿ, ಬೆರಳಷ್ಟು ಉದ್ದ. ಮೈಯೊಳಗೆ ಹೋಗಿ ಕೆಲವು ವಾರ ಕಳೆದರೆ ಒಂದು ತುದಿ ಮೂಳೆಯ ಹಾಗೆ ಗಟ್ಟಿಯಾಗುತ್ತದೆ, ಇನ್ನೊಂದು ಮಾಂಸದ ಹಾಗೆ ಮೆತ್ತಗೇ ಉಳಿಯುತ್ತದೆ. ನಡುವೆ ಗಟ್ಟಿತನ ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಬರಬೇಕು, ಇಲ್ಲದಿದ್ದರೆ ಗಟ್ಟಿಯದು ಮೆತ್ತನೆಯದನ್ನು ಹರಿದುಹಾಕುತ್ತದೆ. ಮೊದಲಿಗೆ ಎರಡು ತುದಿಯೂ ಕಣ್ಣಿಗೆ, ಕೈಗೆ ಒಂದೇ. ಅದಕ್ಕೇ ಮೂಳೆಯ ಕಡೆಯ ತುದಿಗೆ ಒಂದು ನೀಲಿ ದಾರ ಕಟ್ಟುತ್ತೇವೆ.

ಮಗ್ಗದಲ್ಲಿ ಲಾಳಿ ಎಸೆದೂ ಎಸೆದೂ ದೊಡ್ಡಮ್ಮನ ಬಲಭುಜ ಹರಿದಿತ್ತು. ತಲೆ ಬಾಚಿಕೊಳ್ಳಲೂ ಕೈ ಮೇಲೇಳುತ್ತಿರಲಿಲ್ಲ. ಅವಳನ್ನು ಈ ಪಟ್ಟಿಯ ಪ್ರಯೋಗಕ್ಕೆ ಸೇರಿಸಿಕೊಳ್ಳಿ ಎಂದು, ಆಪರೇಷನ್ ಮಾಡುವ ಡಾಕ್ಟರ್ ರಾಮಾಂಜನೇಯರ ಕಾಲು ಹಿಡಿದವಳು ನಾನೇ. ಒಂದೇ ಸಲ ಹಾಕಲು ಸಾಧ್ಯ, ಕೈಕೊಟ್ಟರೆ ಮತ್ತೆ ಹೊಲಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು.

ಅವಳ ಪಟ್ಟಿಯನ್ನು ಬೇರೆ ಯಾರಿಗೂ ಮುಟ್ಟಲು ಬಿಡದೆ ನಾನೇ ಮಾಡಿ, ತೊಳೆದು, ಪ್ಯಾಕ್ ಮಾಡಿ ಕಳಿಸಿದೆ. ಮರುದಿನ ಹನ್ನೊಂದು ಗಂಟೆಗೆ ಆಪರೇಷನ್ ಥಿಯೇಟರಿನಿಂದ ಫೋನ್ ಬಂತು. ಭುಜ ಕೊಯ್ದಾಗಿದೆ, ಪಟ್ಟಿಯಲ್ಲಿ ದಾರವಿಲ್ಲ, ಮೂಳೆಯ ತುದಿ ಯಾವುದು ಎಂದು ಡಾಕ್ಟರು ಕೇಳಿದರು.

ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲೇ ನೀಲಿ ದಾರ ಬಿದ್ದಿತ್ತು. ಕತ್ತರಿಸಿದ್ದು ನನಗೆ ನೆನಪೇ ಇಲ್ಲ. ಸಾಮಾನ್ಯವಾಗಿ ಮೂಳೆಯ ತುದಿಯನ್ನು ಪ್ಯಾಕೆಟ್ಟಿನ ನಂಬರಿನ ಕಡೆಗೆ ಇಡುತ್ತೇನೆ. ಸಾಮಾನ್ಯವಾಗಿ.

"ನಂಬರಿನ ಕಡೆ ಇರೋದು ಸಾರ್," ಅಂದೆ.

"ಗ್ಯಾರಂಟಿನಾ?"

"ಹೂಂ ಸಾರ್."

ಗೊತ್ತಿಲ್ಲ ಅಂದಿದ್ದರೆ ಅವರು ಪಟ್ಟಿ ಹಾಕದೆಯೇ ಗಾಯ ಹೊಲಿದು, ಇನ್ನೊಂದು ಪಟ್ಟಿ ಬಂದ ಮೇಲೆ ಮತ್ತೆ ಕೊಯ್ಯುತ್ತಿದ್ದರು. ದೊಡ್ಡಮ್ಮನಿಗೆ ಹದಿನೈದು ದಿನ ಹೆಚ್ಚಿಗೆ ನೋವು. ನನ್ನ ಕೆಲಸ ಹೋಗುತ್ತಿತ್ತೋ ಏನೋ. ಅಷ್ಟಕ್ಕೇ ಹೆದರಿದೆ, ಹೇಡಿ ನಾನು.

ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿದರು. ಗಟ್ಟಿ ತುದಿ ಸ್ನಾಯುವಿನ ಕಡೆಗಿತ್ತು, ಉಳಿದಿದ್ದ ಸ್ನಾಯುವನ್ನೂ ಕೊಯ್ದುಹಾಕಿತ್ತು. ಆಗ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಆ ಭುಜಕ್ಕೆ ಇನ್ನು ಮಾಡುವುದೇನೂ ಇಲ್ಲ ಎಂದರು, ಮನೆಯವರಿಗೆ ನೀನೇ ತಿಳಿಸು ಎಂದರು.

ಭರಮಸಾಗರಕ್ಕೆ ಹೋದಾಗ ದೊಡ್ಡಮ್ಮ ಮಗ್ಗದ ಮುಂದೆ ಕೂತಿದ್ದಳು. ಅರ್ಧ ನೆಯ್ದ ಕಂಬಳಿ ಆಪರೇಷನ್ನಿಗೆ ಮುಂಚೆ ಬಿಟ್ಟ ಹಾಗೇ ಇತ್ತು. ನಾನು ದಾರದ ವಿಷಯ ಹೇಳಿದೆ. ಫೋನಿನ ವಿಷಯವನ್ನೂ ಹೇಳಿದೆ. ಅವಳು ಎಡಗೈಯಲ್ಲಿ ಬಲಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ದಾರ ಕತ್ತರ್ಸೋದು ನಾನೇ ಕಲ್ಸಿದ್ದು. ಅದ್ರಾಗೆ ನಂದೂ ತಪ್ಪೈತೆ ಬಿಡು," ಅಂದಳು. ಅರ್ಧ ನೆಯ್ದ ಕಂಬಳಿಯ ಮೇಲೆ ಎಡಗೈ ಆಡಿಸಿದಳು. "ಗೊತ್ತಿಲ್ಲ ಅನ್ನಾಕೆ ಏನಾಗಿತ್ತೇ ನಿಂಗೆ? ಅಲ್ಲಿ ಮಲಗಿದ್ದೋಳು ನಾನಲ್ವೇನೇ?"

ಕಂಬಳಿಯನ್ನು ಮಗ್ಗದಿಂದ ಕೊಯ್ದು ತೆಗೆಯಲು ಹೇಳಿದಳು. ಕೊಯ್ದೆ. ಕೊಯ್ದ ಅಂಚಿನಲ್ಲಿ ನೂರಾರು ಎಳೆ ನೇತಾಡುತ್ತಿದ್ದವು. ನನ್ನ ಕೈ ಮತ್ತೆ ಕತ್ತರಿಯ ಕಡೆ ಹೋಯಿತು.

"ಬ್ಯಾಡ," ಅಂದಳು ದೊಡ್ಡಮ್ಮ. "ಇದನ್ನ ಯಾರಿಗೂ ಕೊಡೋದಿಲ್ಲ."