ಕೆಳಗಿನ ಸಾಲು

ವಿಂಡೋ ಇವತ್ತೂ ಎಡಕ್ಕೇ ಇತ್ತು. ಇಸೊಬೆ ಕೋಟನ್ನೂ ಬಿಚ್ಚದೆ ಕಂಪ್ಯೂಟರ್ ಪರದೆಯ ಮುಂದೆ ನಿಂತ. ನದಿಯ ನೀರಿನ ಮಟ್ಟ ತೋರಿಸುವ ಆ ಚೌಕ ಅವನು ಇಟ್ಟ ಮೂಲೆಯಲ್ಲೇ ಅಲುಗಾಡದೆ ಕೂತಿತ್ತು. ಹತ್ತೊಂಬತ್ತು ದಿನದಿಂದ ಹೀಗೇ. ಆರು ವರ್ಷ ಅವನು ಬಯಸಿದ್ದು ಇದನ್ನೇ ತಾನೆ? ಕೈಗೂಡಿದ ಮೇಲೆ ಯಾಕೋ ಬೇಡವೆನಿಸುತ್ತಿತ್ತು.

ನದಿ ಸಮುದ್ರ ಸೇರುವಲ್ಲಿ ನೀರ್ಬಾಗಿಲು, ಅದರ ಪಕ್ಕದಲ್ಲಿ ಈ ಕಾವಲು ಕೋಣೆ. ಹಗಲು ಪಾಳಿ ಇಸೊಬೆಯದು, ರಾತ್ರಿಯದು ತೊಕುಹಿಸಾ ಎಂಬ ಹೆಂಗಸಿನದು. ಅಕಿತಾ ನಗರಕ್ಕೆ ಹೋಗುವ ಮೊದಲ ಬಸ್ಸಿನಲ್ಲಿ ಅವಳು ಹೊರಟು ಇಪ್ಪತ್ತೈದು ನಿಮಿಷಕ್ಕೆ ಇವನ ಬಸ್ಸು ಬರುತ್ತದೆ. ಸಂಜೆ ಇವನು ಹೊರಟ ಮೇಲೆ ಅವಳದು. ಆ ನಡುವೆ ಕೋಣೆ ಖಾಲಿ ಎಂದು ಮೇಲಿನವರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಇಬ್ಬರೂ ಎದುರುಬದುರಾದದ್ದು ಒಂದೇ ಸಲ, ವರ್ಷಾಂತ್ಯದ ಊಟದಲ್ಲಿ. ಎರಡು ಮೇಜಿನಾಚೆಯಿಂದ ತಲೆ ಬಾಗಿಸಿದ್ದಷ್ಟೇ.

ಕಂಪ್ಯೂಟರ್ ಮಾತ್ರ ಇಬ್ಬರಿಗೂ ಒಂದೇ, ಬಹಳ ಹಳೆಯದು. ಯಾವ ವಿಂಡೋ ಎಲ್ಲಿರಬೇಕು, ಹೇಗಿರಬೇಕು ಎಂಬುದನ್ನೆಲ್ಲ ಅದರೊಳಗಿನ ಒಂದು ಕಡತದಲ್ಲಿ ಸಾಲಾಗಿ ಬರೆದಿಡಬೇಕು. ಎರಡು ಸಾಲು ಜಗಳಕ್ಕೆ ಬಿದ್ದರೆ ಆ ತಂತ್ರಾಂಶ ಪಂಚಾಯಿತಿ ಸೇರಿಸುವುದಿಲ್ಲ. ಕೆಳಗಿನ ಸಾಲು ಹೇಳಿದಂತೆ ಕೇಳುತ್ತದೆ. ಜಗಳವಿಲ್ಲದ ಕಡೆ ಇಬ್ಬರ ಮಾತನ್ನೂ ನಡೆಸುತ್ತದೆ. ಇವನು ‘ಎಡಕ್ಕೆ’ ಎಂದು ಬರೆದ. ಅವಳು ಅದರ ಕೆಳಗೆ ‘ಬಲಕ್ಕೆ’ ಎಂದಳು. ಇನ್ನೊಬ್ಬರು ಬರೆದದ್ದನ್ನು ಅಳಿಸುವುದು ಮರ್ಯಾದೆಯಲ್ಲ ಎಂದು ಇಬ್ಬರೂ ತಂತಮ್ಮ ಸಾಲನ್ನು ಕೆಳಗೆ ಸೇರಿಸುತ್ತಲೇ ಹೋದರು. ಒಮ್ಮೆ ಅವಳು ಅಂಚಿಗೆ ಹಳದಿ ಬಣ್ಣ ಕೇಳಿದಳು. ಇವನಿಗೆ ತಕರಾರಿರಲಿಲ್ಲ. ಅಂದಿನಿಂದ ವಿಂಡೋಗೆ ಜಾಗ ಪಾಳಿಗೊಂದು, ಬಣ್ಣ ಅವಳದೇ.

ಬೆಳಿಗ್ಗೆ ಬಂದು ಅದು ಬಲಕ್ಕಿರುವುದನ್ನು ಕಂಡಾಗ ಇಸೊಬೆ ಗೊಣಗುತ್ತಿದ್ದ. ಆದರೆ ಇಡೀ ದಿನದಲ್ಲಿ ಅವನನ್ನು ಯಾರಾದರೂ ನೆನೆದದ್ದಕ್ಕೆ ಗುರುತು ಅದೊಂದೇ. ಅದೂ ನಿಂತುಹೋದರೆ ಅವನಿಗೆ ಯಾರೂ ಇಲ್ಲ.

ಹತ್ತು ಗಂಟೆಗೆ ಕಚೇರಿಯಿಂದ ಕುಸಾನೊ ಬಂದಳು. ಯಂತ್ರಗಳನ್ನು ನೋಡಿಕೊಳ್ಳುವವಳು, ಐವತ್ತು ದಾಟಿದವಳು, ವಾಚಾಳಿ. ಕಡತ ತೆರೆದು ನಕ್ಕಳು.

"ಏನ್ರೀ ಇದು ಇಸೊಬೆಯವರೇ, ಒಂದು ವಿಂಡೋಗೆ ಸಾವಿರಾರು ಸಾಲು? ಯಂತ್ರಕ್ಕೇ ತಲೆ ಕೆಟ್ಟಿರ್ಬೇಕು."

"ಹಾಗೇ ಸೇರ್ತಾ ಹೋಯ್ತು."

"ಕೊನೇಲಿ ಯಾರೋ ಬರೀ ಮಾತು ಬರ್ದಿದಾರೆ ನೋಡಿ. ‘ಮೈ ಹುಷಾರಿಲ್ವಾ?’ ಅಂತ. ಯಂತ್ರ ಇದನ್ನ ಓದೋದೂ ಇಲ್ಲ."

ಹೋದ ವಾರ ಧೈರ್ಯ ಮಾಡಿ ಬರೆದದ್ದು. ಇಸೊಬೆಯ ಕಿವಿ ಬಿಸಿಯಾಯಿತು. ಬಾರ್ಲಿ ಚಹಾ ಬಗ್ಗಿಸುವ ನೆಪದಲ್ಲಿ ಬೆನ್ನು ತಿರುಗಿಸಿದ.

ಕುಸಾನೊ ಪರದೆಯಿಂದ ಅವನತ್ತ ತಿರುಗಿದಳು. "ತೊಕುಹಿಸಾ ಅವರು ಕೆಲಸ ಬಿಟ್ಟುಹೋದ್ರಲ್ಲ. ನೀಗಾಟಾದಲ್ಲಿರೋ ಅಕ್ಕನ ಮನೆಗೆ. ರಾತ್ರಿ ಈಗ ಇಲ್ಲಿ ಯಾರೂ ಇರಲ್ಲ, ಕಚೇರಿಯಿಂದ್ಲೇ ನೋಡ್ತೀವಿ. ನಿಮಗ್ಯಾರೂ ಹೇಳ್ಲಿಲ್ವಾ?"

"ಇಲ್ಲ."

"ಅಯ್ಯೋ, ನಾನೇ ಫೋನ್ ಮಾಡ್ಬೇಕಿತ್ತು."

"ಪರವಾಗಿಲ್ಲ. ನಮಗೇನು ಅಂಥ ಪರಿಚಯ ಇರ್ಲಿಲ್ಲ," ಎಂದ ಇಸೊಬೆ. ಲೋಟ ಅವಳ ಮುಂದಿಟ್ಟ. ಚಹಾ ಮೇಜಿನ ಮೇಲೆ ಚೆಲ್ಲಿತು. ತೋಳಿನಿಂದಲೇ ಒರೆಸಿದ.

"ಇದನ್ನೆಲ್ಲ ಅಳಿಸ್ಲೇಬೇಕು, ಇಲ್ಲಿಗೆ ಬರೋ ಹೊಸ ಯಂತ್ರಕ್ಕೆ ಇಷ್ಟುದ್ದದ್ದು ಹೋಗಲ್ಲ," ಎಂದಳು ಕುಸಾನೊ ಮೆತ್ತಗೆ. "ಒಂದೇ ಸಾಲು ಉಳಿಸ್ತೀನಿ. ಎಡಕ್ಕೆ ಅಲ್ವಾ? ನಿಮ್ಮ ಬಲಗಣ್ಣಿಗೆ ಪೊರೆ ಬಂದಿದೆ ಅಂತಿದ್ರಿ."

"ಬಲಕ್ಕೆ."

"ಕಾಣತ್ತಾ?"

"ಬಲಕ್ಕೇ ಇರ್ಲಿ ಬಿಡಿ. ಹಳದಿ ಅಂಚೂ ಇರ್ಲಿ."

ಅವಳು ಉಳಿದದ್ದನ್ನೆಲ್ಲ ಅಳಿಸಿದಳು. ಕೀಲಿಗಳು ಸದ್ದು ಮಾಡಿದವು, ವಿಂಡೋ ಆಚೆ ಬದಿಗೆ ಹಾರಿತು. ಅವಳು ಹೊರಟ ಮೇಲೆ ಇಸೊಬೆ ಕುರ್ಚಿಯನ್ನು ಅತ್ತ ಎಳೆದುಕೊಂಡ. ಕತ್ತು ಪೂರ್ತಿ ಹೊರಳಿಸಿ, ಎಡಗಣ್ಣನ್ನು ಪರದೆಗೆ ಹತ್ತಿರ ತಂದು, ಹತ್ತೂವರೆಯ ನೀರಿನ ಮಟ್ಟ ಬರೆದುಕೊಂಡ.